ಮಳವಳ್ಳಿಯ ದೇವರು, ಬನವಾಸಿಯ ಅರಸರು



ದತ್ತಿ ಉಪನ್ಯಾಸಕ್ಕೆ ನಿಂತವರು ದತ್ತಿಯನ್ನೇ ವಿಷಯ ಮಾಡಿಕೊಳ್ಳುವ ವಾಡಿಕೆಯಿಲ್ಲ. ಆದರೆ ಸುಮಾರು ಸಾವಿರದ ಏಳುನೂರು ವರ್ಷಗಳ ಹಿಂದಿನ ದತ್ತಿಯೊಂದರ ದಾಖಲೆ ಇದೇ ಶಿಕಾರಿಪುರ ತಾಲ್ಲೂಕಿನಲ್ಲಿರುವಾಗ ಬೇರೆ ವಿಷಯ ಹುಡುಕಿಕೊಂಡು ಹೋಗಲು ನನಗೆ ಮನಸ್ಸು ಬರಲಿಲ್ಲ. ಮಳವಳ್ಳಿಯ ಕಲ್ಲೇಶ್ವರ ಗುಡಿಯ ಮುಂದಿನ ಕಂಬದ ಮಾತು ಹೇಳುತ್ತಿದ್ದೇನೆ. ಬಿ. ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರ 263 ಮತ್ತು 264 ಎಂದು ಅದರ ಎರಡು ಶಾಸನಗಳು ಅಚ್ಚಾಗಿವೆ. ಎರಡರ ಭಾಷೆಯೂ ಪ್ರಾಕೃತ, ಲಿಪಿ ಬ್ರಾಹ್ಮಿ.

ಮೊದಲನೆಯದನ್ನು ಹಾಕಿಸಿದವನು ಬನವಾಸಿಯಿಂದ ಆಳುತ್ತಿದ್ದ ಚುಟು ಮನೆತನದ ಅರಸ, ವಿಣ್ಹುಕಡ್ಡ ಚುಟುಕುಲಾನಂದ ಸಾತಕಣ್ಣಿ. ಮಳಪಳಿದೇವನ ಭೋಗಕ್ಕೆಂದು ಸಹಲಾಟವಿ ಎಂಬ ಊರನ್ನು ಅವನು ಕೌಂಡಿನ್ಯ ಗೋತ್ರದ ಕೊಂಡಮಾನನಿಗೆ ಕೊಟ್ಟ. ಎರಡನೆಯ ಶಾಸನದ ಹೊತ್ತಿಗೆ ಚುಟುಗಳು ಹೋಗಿ ಕದಂಬರು ಬಂದಿದ್ದಾರೆ. ಹಿಂದೆ ಕೊಟ್ಟ ಆ ದಾನ ಕೈಬಿಟ್ಟುಹೋಗಿತ್ತೆಂದು ಕೇಳಿ ತಿಳಿದ ಕದಂಬ ಅರಸ, ಕೊಂಡಮಾನನ ಕುಲದ ನಾಗದತ್ತನಿಗೆ ಅದನ್ನು ಸಂತೋಷದಿಂದ ಎರಡನೆಯ ಸಲ ಕೊಡುತ್ತಾನೆ. ಶಾಸನ ಶುರುವಾಗುವುದೇ ಮಳಪಳಿದೇವನಿಗೆ ಜಯವಾಗಲಿ ಎಂದು. ಅರಸನ ಬಿರುದಾವಳಿ ಆಮೇಲಿನದು.

ಹೊಸ ಅರಸನಿಗೆ ಹಳೆಯ ಅರಸನ ದಾನವನ್ನು ನೆನಪಿಸಿಕೊಳ್ಳುವ ಗರಜೇನಿತ್ತು? ನನ್ನ ಉತ್ತರ ಇಷ್ಟು: ಆ ಸೀಮೆಯಲ್ಲಿ ಅರಸನಿಗಿಂತ ದೇವರ ಬೇರು ಆಳದಲ್ಲಿತ್ತು. ಇಂದಿನ ಪಹಣಿಯ ಭಾಷೆಯಲ್ಲಿ ಹೇಳುವುದಾದರೆ, ಅರಸರು ಬಂದುಹೋದರೂ ಖಾತೆದಾರ ಬದಲಾಗಲಿಲ್ಲ. ಕದಂಬನು ದೇವರಿಗೆ ಊರು ಕೊಟ್ಟ ಎನ್ನುವುದಕ್ಕಿಂತ, ಆ ದೇವರ ಮೂಲಕ ಕದಂಬನಿಗೆ ಈ ನಾಡು ದಕ್ಕಿತು ಎನ್ನುವುದೇ ಸರಿ. ಆ ದೇವರಿಗಾದರೋ ಪುರಾಣದ ಹೆಸರಿಲ್ಲ. ಊರಿನ ಹೆಸರೇ ಅವನ ಹೆಸರು.

ಹೆಚ್ಚು ಕಡಿಮೆ ಅದೇ ಕಾಲದಲ್ಲಿ ರೋಮನ್ ಸಾಮ್ರಾಜ್ಯದ ಉತ್ತರದ ಅಂಚಿನಲ್ಲಿ ನಡೆಯುತ್ತಿದ್ದುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬ್ರಿಟನ್ನಿನಲ್ಲಿ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಕಟ್ಟಿಸತೊಡಗಿದ ಗೋಡೆಯ ಬಳಿ, ಬ್ರೊಕೊಲಿಟಿಯಾ ಎಂಬ ಕೋಟೆಯ ಪಕ್ಕದ ಬುಗ್ಗೆಯಲ್ಲಿ ಕೋವೆಂಟಿನಾ ಎಂಬ ಕೆಲ್ಟಿಕ್ ದೇವತೆ ಇದ್ದಳು. 1876ರಲ್ಲಿ ಆ ಬಾವಿಯನ್ನು ಅಗೆದಾಗ ಹದಿಮೂರು ಸಾವಿರಕ್ಕೂ ಹೆಚ್ಚು ನಾಣ್ಯಗಳೂ ಹರಕೆಯ ಕಲ್ಲುಗಳೂ ಸಿಕ್ಕವು. ಆ ಕಲ್ಲುಗಳಲ್ಲಿ ಕೆಲವನ್ನು ಹಾಕಿಸಿದವರು ರೈನ್ ನದಿಯ ಮುಖಜ ಭೂಮಿಯಿಂದ ಬಂದ ಬಟಾವಿ ಪಡೆಯವರು. ಸಂಬಳ ಕೊಡುವವನು ರೋಮಿನ ಚಕ್ರವರ್ತಿ, ಬರವಣಿಗೆ ಲ್ಯಾಟಿನ್ನಿನಲ್ಲಿ; ಕೈಮುಗಿದದ್ದು ಮಾತ್ರ ಆ ಬುಗ್ಗೆಯ ಅಮ್ಮನಿಗೆ.

ಎಲ್ಲ ದೇವರಿಗೂ ಹೀಗೆ ತಮ್ಮ ಹೆಸರಲ್ಲೇ ಉಳಿಯುವ ಭಾಗ್ಯವಿರಲಿಲ್ಲ. ಅದೇ ಬ್ರಿಟನ್ನಿನ ಬಾತ್ ಊರಿನ ಬಿಸಿನೀರ ಬುಗ್ಗೆಯ ಸುಲಿಸ್‌ಳನ್ನು ರೋಮನ್ನರು ತಮ್ಮ ಮಿನರ್ವಾ ಜೊತೆ ಸೇರಿಸಿ ಸುಲಿಸ್ ಮಿನರ್ವಾ ಮಾಡಿದರು. ಅಲ್ಲಿಯದೇ ಲಿಡ್ನಿಯ ದೇವರು ನೋಡೆನ್ಸ್ ಯುದ್ಧದೇವತೆ ಮಾರ್ಸ್ ಜೊತೆ ಸೇರಿದ. ನಮ್ಮಲ್ಲಿ ಗ್ರಾಮದೇವತೆಗಳು ಪಾರ್ವತಿಯೋ ದುರ್ಗೆಯೋ ಆದ ದಾರಿಯನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಇಲ್ಲೊಂದು ಉಪಕಥೆ ಹೇಳದಿದ್ದರೆ ತಡೆಯಲಾಗದು: 1928–29ರಲ್ಲಿ ಲಿಡ್ನಿಯ ಗುಡಿಯನ್ನು ಅಗೆದ ಮಾರ್ಟಿಮರ್ ವೀಲರ್ ಅವರೇ ಮುಂದೆ ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದು 1947ರಲ್ಲಿ ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಅಗೆದರು. ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಬಂಡೆಶಾಸನವಿದೆ. ಅಲ್ಲಿನ ಮಣ್ಣಿನಲ್ಲಿ ರೋಮನ್ ಚಕ್ರವರ್ತಿ ತಿಬೇರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿದೆ.

ತಾಳಗುಂದದ ಕಂಬ ನಿಮಗೆಲ್ಲ ಪರಿಚಿತ, ಆದ್ದರಿಂದ ಒಂದೇ ಮಾತು. ಐದನೆಯ ಶತಮಾನದಲ್ಲಿ ಕದಂಬ ಅರಸ ಶಾಂತಿವರ್ಮ ಬರೆಯಿಸಿದ, ಕುಬ್ಜ ಕವಿ ರಚಿಸಿದ ಆ ಸಂಸ್ಕೃತ ಶಾಸನದಲ್ಲಿ ಕಾಕುಸ್ಥವರ್ಮ ಕೆರೆ ಕಟ್ಟಿಸಿದ ವಿಷಯವಿದೆ. ಕೆರೆ ಇರುವುದು ಭವನ, ಅಂದರೆ ಶಿವನ, ಗುಡಿಯ ಬಳಿ. ಸಾತಕರ್ಣಿ ಮೊದಲಾದ ಅರಸರು ಹಿಂದೆ ಭಕ್ತಿಯಿಂದ ಪೂಜಿಸಿದ ಗುಡಿ ಅದು ಎಂದು ಕವಿ ನೆನೆಯುತ್ತಾನೆ. ಇಲ್ಲೂ ಹಳೆಯ ಅರಸರ ಭಕ್ತಿಯೇ ಹೊಸ ಅರಸನಿಗೆ ಸಾಕ್ಷಿ. ಆದರೆ ದೇವರು ಈಗ ಶಿವ, ಭಾಷೆ ಸಂಸ್ಕೃತ. ಮಳವಳ್ಳಿಯಂತೆ ಊರಿನ ಹೆಸರಿನ ದೇವರನ್ನು ಅರಮನೆಯ ಶಾಸನದ ಮೊದಲ ಸಾಲಿನಲ್ಲಿ ನಿಲ್ಲಿಸುವ ಕಾಲ ಸರಿದಿತ್ತು.

ಇಷ್ಟಾದರೂ ಮಳವಳ್ಳಿಯ ಕಂಬದ ಬಗ್ಗೆ ನನಗೊಂದು ತಕರಾರಿದೆ. ದೇವರ ಹೆಸರಿನಲ್ಲಿ ಬಂದ ಊರಿನ ಹುಟ್ಟುವಳಿ ಹೋದದ್ದು ಕೌಂಡಿನ್ಯ ಗೋತ್ರದವರ ಮನೆಗೆ. ಆ ದೇವರಿಗೆ ಮೊದಲು ಹಣ್ಣು–ಕಾಯಿ ಮಾಡಿದ ಒಕ್ಕಲು ಮಕ್ಕಳು, ದನಗಾಹಿಗಳು ಏನು ಬೇಡಿಕೊಂಡರು ಎಂಬುದರ ಒಂದಕ್ಷರವೂ ಅಲ್ಲಿಲ್ಲ. ಬಾತ್‌ನಲ್ಲಿ ಹಾಗಲ್ಲ. ಸುಲಿಸ್‌ಳ ಬುಗ್ಗೆಯಿಂದ ಸುಮಾರು 130 ಸೀಸದ ತಗಡುಗಳು ಸಿಕ್ಕಿವೆ. ಹೆಚ್ಚಿನವು ಕಳ್ಳತನದ ದೂರುಗಳು: ಮೇಲಂಗಿ ಹೋಯಿತು, ದುಡ್ಡು ಹೋಯಿತು. ಡೊಸಿಮೆಡಿಸ್ ಎಂಬವನ ಎರಡು ಕೈಗವಸುಗಳು ಕಳವಾಗಿದ್ದವು. ಕದ್ದವನ ಬುದ್ಧಿ ಕೆಡಲಿ, ಕಣ್ಣು ಹೋಗಲಿ ಎಂದು ಅವನು ದೇವಿಗೆ ದೂರು ಕೊಟ್ಟಿದ್ದಾನೆ. ನಗು ಬಂದರೆ ನಗಿ. ಆದರೆ ಸಾಗರ, ಸೊರಬದ ಕಡೆಯ ಅಡಿಕೆ ತೋಟಗಳ ಬೇಲಿ ನೋಡಿಕೊಂಡು ಬನ್ನಿ. ‘ಶ್ರೀ ದೇವಿಯ ಕಾವಲಿದೆ’ ಎಂಬ ಸಿಗಂದೂರು ಚೌಡಮ್ಮನ ಬೋರ್ಡು ಕಂಡ ಕಳ್ಳ ಇವತ್ತಿಗೂ ಗೊನೆಗೆ ಕೈ ಹಾಕಲು ಹಿಂದೆಮುಂದೆ ನೋಡುತ್ತಾನೆ. ಪೊಲೀಸು, ಕೋರ್ಟು ಇರುವ ಕಾಲದಲ್ಲೂ ದೇವಿಯ ಈ ಕಚೇರಿ ಮುಚ್ಚಿಲ್ಲ.

ಈ ಸೀಮೆಯ ದೇವಿಯರ ಮಾತೆತ್ತಿದ ಮೇಲೆ ಚಂದ್ರಗುತ್ತಿಯ ಗುತ್ಯಮ್ಮನ ಮಾತು ಬಂದೇ ಬರುತ್ತದೆ. ಗವಿಯೊಳಗಿನ ಕಲ್ಲು ಅವಳು. ಪುರಾಣ ಅವಳನ್ನು ಪರಶುರಾಮನ ತಾಯಿ ರೇಣುಕೆ ಎಂದಿತು, ಜನ ಎರಡೂ ಹೆಸರಿಗೆ ಓಗೊಟ್ಟು ‘ಉಧೋ’ ಎಂದರು. ಬೆತ್ತಲೆ ಸೇವೆಯ ವಿಷಯದಲ್ಲಿ 1986ರಲ್ಲಿ ಅಲ್ಲಿ ಎದ್ದ ಗಲಭೆಯ ನಂತರ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಅದು ಆಗಬೇಕಾದದ್ದೇ ಎಂದು ನಾನು ತಿಳಿದಿದ್ದೇನೆ, ಯಾಕೆಂದರೆ ಆ ಸೇವೆಯ ಭಾರವೆಲ್ಲ ಬಡ ಹೆಣ್ಣುಮಕ್ಕಳ ಮೈಮೇಲೆ ಬೀಳುತ್ತಿತ್ತು. ಸೇವೆ ನಿಂತಿತು, ಜಾತ್ರೆ ನಿಲ್ಲಲಿಲ್ಲ.

ಕೊನೆಗೆ ಒಂದು ಕೆಲಸದ ಮಾತು. ಕದಂಬ ಶಾಸನದಲ್ಲಿ ಸಹಲಾಟವಿಯ ಜೊತೆ ದಾನಕ್ಕೆ ಸೇರಿದ ಹಳ್ಳಿಗಳ ಪಟ್ಟಿಯಿದೆ. ಪರಮುಚ್ಚುಂಡಿ, ಕುಂದಮುಚ್ಚುಂಡಿ, ವೇಗೂರ ಇಂಥ ಹೆಸರುಗಳು ಪ್ರಾಕೃತದ ನಡುವೆ ದ್ರಾವಿಡದ ಸೊಗಡಿನಲ್ಲೇ ಕೂತಿವೆ. ಇಲ್ಲಿಯ ಕಾಲೇಜಿನ ಇತಿಹಾಸ ವಿದ್ಯಾರ್ಥಿಗಳು ಕಂದಾಯ ನಕ್ಷೆ, ಬೇಚರಾಕ್ ಗ್ರಾಮಗಳ ಪಟ್ಟಿ ಹಿಡಿದು ಒಂದು ಬೇಸಿಗೆಯ ರಜೆಯಲ್ಲಿ ಮಳವಳ್ಳಿಯ ಸುತ್ತ ತಿರುಗಲಿ. ಕೆರೆ, ಬಯಲು, ಬನಗಳ ಹೆಸರುಗಳನ್ನು ದನ ಕಾಯುವ ಹಿರಿಯರಿಂದ ಕೇಳಿ ಬರೆದುಕೊಳ್ಳಲಿ. ಇದರ ಖರ್ಚಿಗೆ ಮುಂದಿನ ವರ್ಷದ ದತ್ತಿಯ ಬಡ್ಡಿ ಸಾಕಾಗಬಹುದು; ದತ್ತಿದಾರರು ಇಲ್ಲೇ ಕೂತಿದ್ದಾರೆ, ಅವರನ್ನೇ ಕೇಳೋಣ.