ಬೆಂಕಿ ಆರಿಸುವ ಸಿಲಿಂಡರು ಮತ್ತು ಅದರ ಖರ್ಚುವೆಚ್ಚ

(ಅಗ್ನಿಶಾಮಕ ಸೇವಾ ಸಪ್ತಾಹದ ಸಂದರ್ಭದಲ್ಲಿ ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹತ್ತು ಜನರ ಮುಂದೆ ನಿಂತು ಮಾತನಾಡುವ ಅಭ್ಯಾಸ ನಮಗಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ, ಹೊಟ್ಟೆಪಾಡಿಗೆಂದು ಚೆನ್ನೈಗೆ ಬಂದು, ಹಿಟ್ಟಿನ ಮಿಲ್ಲೊಂದರ ಆಫೀಸಿನಲ್ಲಿ ಬಿಲ್ಲು, ವೋಚರು ಬರೆಯುತ್ತಿರುವವರು ನಾವು. ರಜೆಯ ದಿನ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವುದಷ್ಟೇ ನಮ್ಮ ಸೇವೆ. “ಈ ಸಪ್ತಾಹದಲ್ಲಿ ನೀವು ಏನಾದರೂ ಹೇಳಲೇಬೇಕು” ಎಂದು ಕಾರ್ಯದರ್ಶಿಗಳು ಒತ್ತಾಯಿಸಿದಾಗ, ಲೆಕ್ಕ ಬರೆಯುವವರು ಲೆಕ್ಕವನ್ನೇ ಹೇಳುವುದು ಮೇಲೆಂದು ಒಪ್ಪಿಕೊಂಡೆವು.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಈ ಸಪ್ತಾಹವನ್ನು ಆಚರಿಸುತ್ತಾರೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿಗೆ ಬೆಂಕಿ ಬಿತ್ತು. ಹಡಗಿನೊಳಗೆ ಹತ್ತಿಯ ಮೂಟೆಗಳೂ ಇದ್ದುವು, ಸಿಡಿಮದ್ದೂ ಇತ್ತು. ಆರಿಸಲು ಹೋದ ಅಗ್ನಿಶಾಮಕ ದಳದ 66 ಮಂದಿ ಸ್ಫೋಟದಲ್ಲಿ ಪ್ರಾಣ ಬಿಟ್ಟರು. ಅವರ ನೆನಪಿಗೆ ಈ ಸಪ್ತಾಹ.

ಮುಂಬಯಿಯ ಮಾತು ದೂರವೆನ್ನಿಸಿದರೆ ನಮ್ಮ ಊರಿನದನ್ನೇ ನೋಡೋಣ. ಮೌಂಟ್ ರೋಡಿನ ಎಲ್.ಐ.ಸಿ. ಕಟ್ಟಡ 1959ರಲ್ಲಿ ಪ್ರಾರಂಭವಾದಾಗ ದೇಶದಲ್ಲೇ ಎತ್ತರದ ಕಟ್ಟಡವೆನಿಸಿತ್ತು. 1975ರ ಜುಲೈಯಲ್ಲಿ ಅದಕ್ಕೂ ಬೆಂಕಿ ಬಿತ್ತು. 2008ರ ಸೆಪ್ಟೆಂಬರ್ 1ರಂದು ಟಿ. ನಗರದ ರಂಗನಾಥನ್ ಬೀದಿಯ ದೊಡ್ಡ ಅಂಗಡಿಯೊಂದು ಹೊತ್ತಿಕೊಂಡು ಇಬ್ಬರು ಸತ್ತರು. ಆ ಬೀದಿಯಲ್ಲಿ ಹಬ್ಬದ ಕಾಲಕ್ಕೆ ಮನುಷ್ಯನೇ ನುಸುಳುವುದು ಕಷ್ಟ, ಇನ್ನು ಬೆಂಕಿ ಇಂಜಿನು ನುಗ್ಗುವ ಮಾತೇನು? 2017ರ ಮೇ 31ರಂದು ಬೆಳಗಿನ ಜಾವ ಅದೇ ಟಿ. ನಗರದಲ್ಲಿ ‘ಚೆನ್ನೈ ಸಿಲ್ಕ್ಸ್’ ಬಟ್ಟೆ ಅಂಗಡಿಗೆ ಬೆಂಕಿ ತಗುಲಿತು. ಒಳಗಿದ್ದ ನೌಕರರನ್ನು ದಳದವರು ಕೆಳಗಿಳಿಸಿ ಉಳಿಸಿದರು. ಆದರೆ ಕಟ್ಟಡದ ಒಂದು ಭಾಗ ಕುಸಿದುಬಿತ್ತು, ಉಳಿದದ್ದನ್ನು ಆಮೇಲೆ ಕೆಡವಬೇಕಾಯಿತು.

ಇವನ್ನೆಲ್ಲ ಹೇಳುವುದು ಯಾರ ಮೇಲೂ ತಪ್ಪು ಹೊರಿಸುವುದಕ್ಕಲ್ಲ. ಅಂಗಡಿ ಮುಚ್ಚಿದ ಮೇಲೆ ಸಾಹುಕಾರರು ಮನೆಗೆ ಹೋಗುತ್ತಾರೆ. ಒಳಗೆ ಮಲಗುವವರು ಯಾರು? ಹೋಟೆಲಿನ ಅಟ್ಟದಲ್ಲಿ, ಗೋಡೌನಿನ ಮೂಲೆಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಚಾಪೆ ಹಾಸುವವರು ನಮ್ಮಂಥವರೇ. ಈ ಕೂಟದಲ್ಲಿ ಕುಳಿತಿರುವ ಎಷ್ಟೋ ಮಂದಿ ಇವತ್ತು ರಾತ್ರಿಯೂ ಅಂಥ ಕಡೆಯೇ ಮಲಗುವವರು. ಆದುದರಿಂದ ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರಿನ ಖರ್ಚು ಸಾಹುಕಾರರ ಖರ್ಚಾದರೂ, ಅದರ ಚಿಂತೆ ನಮ್ಮದು.

ಆ ಸಿಲಿಂಡರಿನಿಂದ ಏನಾದೀತು, ಏನಾಗದು ಎಂಬುದನ್ನು ಮೊದಲು ತಿಳಿಯಬೇಕು. ಅದು ಬೆಂಕಿಯ ಎಳೆತನಕ್ಕೆ ಮದ್ದು. ಕಸದ ಬುಟ್ಟಿ, ಸ್ವಿಚ್ ಬೋರ್ಡು, ಒಲೆಯ ಬಾಣಲೆ, ಒಂದೆರಡು ಗೋಣಿಚೀಲ, ಇಷ್ಟರಲ್ಲಿ ಬೆಂಕಿಯಿರುವಾಗ ಅದು ಕೆಲಸಕ್ಕೆ ಬರುತ್ತದೆ. ಸಾಧಾರಣವಾಗಿ ನಾವು ನೋಡುವ ಆರು ಕಿಲೋ ಪುಡಿಯ ಸಿಲಿಂಡರು ಅರ್ಧ ನಿಮಿಷದೊಳಗೆ ಬರಿದಾಗುತ್ತದೆ. ಅಷ್ಟರಲ್ಲಿ ಆರಿದರೆ ಆರಿತು; ಇಲ್ಲವಾದರೆ ಎಲ್ಲರನ್ನೂ ಎಬ್ಬಿಸಿಕೊಂಡು ಹೊರಕ್ಕೆ ಓಡಿ 101ಕ್ಕೋ 112ಕ್ಕೋ ಫೋನು ಮಾಡಬೇಕು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಮಂದಿ ಸತ್ತರು. ಅಲ್ಲಿ ಕೆಟ್ಟದ್ದು ಮಾಡಿದ್ದು ಉರಿಗಿಂತ ಹೆಚ್ಚಾಗಿ ಹೊಗೆ. ಮೆಟ್ಟಿಲಿನ ದಾರಿ ತೆರವಾಗಿರಬೇಕೆಂಬುದು ಸಿಲಿಂಡರಿನಷ್ಟೇ ಮುಖ್ಯ.

ಈಗ ನಮ್ಮದೇ ಒಂದು ತಪ್ಪನ್ನು ಒಪ್ಪಿಸಬೇಕಾಗಿದೆ.

ನಮ್ಮ ಮಿಲ್ಲಿನಲ್ಲಿ 24 ಸಿಲಿಂಡರುಗಳಿವೆ. ಕೆಲವು ವರ್ಷಗಳ ಹಿಂದೆ ಅವುಗಳ ಸರ್ವೀಸಿಗೆಂದು ಮೂರು ಕೊಟೇಶನು ತರಿಸಿದೆವು. ಮೂರನ್ನೂ ಒಂದು ಕಾಗದದ ಮೇಲೆ ಪಕ್ಕಪಕ್ಕದಲ್ಲಿ ಬರೆದು, ಕೆಳಗಿನ ಮೊತ್ತಗಳನ್ನಷ್ಟೇ ನೋಡಿ, ಎಲ್ಲಕ್ಕಿಂತ ಕಡಿಮೆಯದಕ್ಕೆ ಗುರುತು ಹಾಕಿ ಮೇಲಕ್ಕೆ ಕಳಿಸಿದೆವು. “ಉಳಿತಾಯ ಮಾಡಿದ್ದೀರಿ” ಎಂದು ಮ್ಯಾನೇಜರವರು ಹೊಗಳಿದರು ಕೂಡ. ಗೊತ್ತಾದ ದಿನ ಒಬ್ಬ ಹುಡುಗ ಬಂದ. ಒಂದು ಬಟ್ಟೆಯಲ್ಲಿ ಸಿಲಿಂಡರುಗಳನ್ನು ಒರಸಿದ, ಹಳೆಯ ಚೀಟಿ ಕಿತ್ತು ಹೊಸ ಚೀಟಿ ಅಂಟಿಸಿದ, ಒಂದು ಗಂಟೆಯೊಳಗೆ ಹೊರಟುಹೋದ. ನಾವು ರಿಜಿಸ್ಟರಿನಲ್ಲೂ ಸಹಿ ಹಾಕಿದೆವು, ಚೀಟಿಗಳ ಮೇಲೂ ಸಹಿ ಹಾಕಿದೆವು. 60 ನಿಮಿಷವನ್ನು 24ರಿಂದ ಭಾಗಿಸಿದರೆ ಸಿಲಿಂಡರೊಂದಕ್ಕೆ ಎರಡೂವರೆ ನಿಮಿಷ. ಪೈಸೆ ಪೈಸೆ ಲೆಕ್ಕ ಹಾಕುವ ನಮಗೆ ಈ ಭಾಗಾಕಾರ ಅಂದು ಹೊಳೆಯಲಿಲ್ಲ.

ನಾಲ್ಕು ತಿಂಗಳು ಕಳೆಯಿತು. ಒಂದು ರಾತ್ರಿ ಪಾಳಿಯಲ್ಲಿ ಮೋಟಾರಿನ ಬಳಿಯ ಗೋಣಿಚೀಲಗಳಿಗೆ ಕಿಡಿ ತಗುಲಿತು. ರಾಯಚೂರಿನ ಕಡೆಯಿಂದ ಬಂದ ಒಬ್ಬ ಹಮಾಲಿ ಹುಡುಗ, ಎಲ್ಲರೂ ಕೂಗಾಡುತ್ತಿರುವಾಗ ಓಡಿಹೋಗಿ ಸಿಲಿಂಡರು ತಂದ. ಪಿನ್ನು ಎಳೆದ, ಹಿಡಿ ಒತ್ತಿದ. ‘ಫುಸ್’ ಎಂದು ಒಂದು ಹಿಡಿ ಪುಡಿ ಹಾರಿತು, ಅಷ್ಟೆ. ಕೊನೆಗೆ ಮರಳಿನ ಬಕೀಟಿನಿಂದ ಬೆಂಕಿ ಆರಿತು. ಆದರೆ ಆ ಹುಡುಗನ ಬಲಗೈ ಮೊಣಕೈವರೆಗೆ ಬೆಂದಿತ್ತು. ಮಾರನೆಯ ದಿನ ಆಸ್ಪತ್ರೆಗೆ ನೋಡಲು ಹೋದೆವು. ಅವನು ಸಿಟ್ಟಾಗಲಿಲ್ಲ. “ಅಣ್ಣಾರ, ಚೀಟಿ ಮ್ಯಾಗ ನಿಮ್ಮ ಸಹಿ ಐತಲ್ರಿ, ಅದಕ್ಕ ನಾನು ಅದನ್ನ ತಗೊಂಡೆ” ಎಂದ. ಅವನಿಗೆ ತಮಿಳು ಓದಲು ಬಾರದು, ಇಂಗ್ಲಿಷೂ ಬಾರದು. ಆ ಚೀಟಿಯಲ್ಲಿ ಅವನಿಗೆ ಗುರುತಿದ್ದದ್ದು ನಮ್ಮ ಸಹಿಯೊಂದೇ.

ಆಮೇಲೆ ಬೇರೆಯವರನ್ನು ಕರೆಸಿ ಸಿಲಿಂಡರುಗಳನ್ನು ಬಿಚ್ಚಿಸಿದೆವು. ಹಲವುಗಳಲ್ಲಿ ಪುಡಿ ತೇವ ಹಿಡಿದು ಗಟ್ಟಿಕಟ್ಟಿತ್ತು. ಸಮುದ್ರದ ಗಾಳಿಯ ಈ ಊರಿನಲ್ಲಿ ಡಬ್ಬಿಯ ಉಪ್ಪೇ ನೀರಾಗುವಾಗ, ವಾಷರು ಸವೆದ ಸಿಲಿಂಡರಿನೊಳಗಿನ ಪುಡಿ ನೆಟ್ಟಗಿರುವುದು ಹೇಗೆ? ಬೆಂಕಿ ಬಿದ್ದಾಗ ಬಾವಿ ತೋಡಿದರೆಂದು ಗಾದೆಯಿದೆ. ನಾವು ಬಾವಿಯನ್ನು ತೋಡಿಯೇ ಇದ್ದೆವು. ಅದರೊಳಗೆ ನೀರಿದೆಯೇ ಎಂದು ಮಾತ್ರ ಇಣುಕಿ ನೋಡಿರಲಿಲ್ಲ.

ಅಂದಿನಿಂದ ಕೊಟೇಶನನ್ನು ಕೆಳಗಿನಿಂದ ಓದುವುದನ್ನು ಬಿಟ್ಟು ಮೇಲಿನಿಂದ ಓದುವುದನ್ನು ಕಲಿತೆವು. ಗುಮಾಸ್ತ ಬಂಧುಗಳು ದಯಮಾಡಿ ಇದನ್ನು ಗಮನಿಸಬೇಕು.

ಮೊದಲನೆಯದು, ‘ಸರ್ವೀಸು’ ಎಂಬ ಒಂದೇ ಮಾತಿನಲ್ಲಿ ಹಲವು ಕೆಲಸಗಳು ಅಡಗಿವೆ. ಬರಿದೇ ನೋಡಿಹೋಗುವುದು ಒಂದು; ಬಿಚ್ಚಿ, ಒಳಗನ್ನು ಪರೀಕ್ಷಿಸಿ, ವಾಷರು, ಹೋಸು, ನಾಜಲು ಸರಿಮಾಡುವುದು ಇನ್ನೊಂದು; ಪುಡಿ ಅಥವಾ ಗ್ಯಾಸು ಹೊಸದಾಗಿ ತುಂಬುವುದು ಮತ್ತೊಂದು; ನೀರಿನ ಒತ್ತಡ ಕೊಟ್ಟು ಸಿಲಿಂಡರಿನ ಗಟ್ಟಿತನ ಪರೀಕ್ಷಿಸುವುದು ಬೇರೊಂದು. ಪ್ರತಿಯೊಂದಕ್ಕೂ ಬೇರೆಬೇರೆ ದರ ಬರೆಸಿಕೊಳ್ಳಬೇಕು. ಬಿಡಿಭಾಗದ ಬೆಲೆ, ಸಾಗಣೆ, 18 ಶೇಕಡ ಜಿ.ಎಸ್.ಟಿ. ಇವು ದರದ ಒಳಗೋ ಹೊರಗೋ ಎಂದು ಕೇಳಬೇಕು. ಸಿಲಿಂಡರು ಹೊರಗೆ ಹೋದಾಗ ಅದರ ಜಾಗಕ್ಕೆ ಬದಲಿ ಕೊಡುವರೋ ಇಲ್ಲವೋ ಎಂಬುದನ್ನೂ ಬರೆಸಬೇಕು. ಬೆಂಕಿಗೆ ನಮ್ಮ ಸಿಲಿಂಡರು ರಿಪೇರಿಗೆ ಹೋಗಿದೆಯೆಂಬುದು ತಿಳಿಯದು.

ಎರಡನೆಯದು ಪುಡಿಯ ಜಾತಿ. ಎ.ಬಿ.ಸಿ. ಎಂಬ ಪುಡಿಯಲ್ಲಿ ಮುಖ್ಯವಾದ ವಸ್ತು ಮಾನೋ ಅಮೋನಿಯಂ ಫಾಸ್ಫೇಟು. ಅದು ಶೇಕಡ 50 ಇರುವ ಪುಡಿಯೂ ಪೇಟೆಯಲ್ಲಿದೆ, 90 ಇರುವುದೂ ಇದೆ. ಬೆಲೆ ಬೇರೆ, ಗುಣ ಬೇರೆ. ಕೊಟೇಶನಿನಲ್ಲಿ ಬರಿದೇ ‘ಪುಡಿ ತುಂಬಿದ್ದು’ ಎಂದಿದ್ದರೆ ಯಾವ ಪುಡಿ, ಎಷ್ಟು ಕಿಲೋ ಎಂದು ಕೇಳುವುದು ನಮ್ಮ ಹಕ್ಕು. ಅಕ್ಕಿ ಕೊಳ್ಳುವಾಗ ಕೇಳುವುದಿಲ್ಲವೆ?

ಮೂರನೆಯದು ವಾಯಿದೆ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 2190 ಎಂಬ ನಿಯಮಪುಸ್ತಕದ 2010ರ ಆವೃತ್ತಿಯಂತೆ ನೀರು, ನೊರೆ, ಪುಡಿಯ ಸಿಲಿಂಡರುಗಳಿಗೆ ಮೂರು ವರ್ಷಕ್ಕೊಮ್ಮೆಯೂ, ಕಾರ್ಬನ್ ಡೈಆಕ್ಸೈಡಿನವುಗಳಿಗೆ ಐದು ವರ್ಷಕ್ಕೊಮ್ಮೆಯೂ ಒತ್ತಡ ಪರೀಕ್ಷೆ ಆಗಬೇಕು. ಮೊದಲಿನವುಗಳ ಆಯುಸ್ಸು 10 ವರ್ಷ, ಎರಡನೆಯದರದು 15 ವರ್ಷ. ನಿಯಮಗಳು ಪರಿಷ್ಕರಣೆಯಾಗುತ್ತಿರುತ್ತವೆ, ಆದುದರಿಂದ ಕಂಟ್ರಾಕ್ಟಿನಲ್ಲಿ ‘ಈಗ ಜಾರಿಯಲ್ಲಿರುವ ಐ.ಎಸ್. 2190ರಂತೆ’ ಎಂದೇ ಬರೆಸುವುದು ಕ್ಷೇಮ. ಕಾರ್ಬನ್ ಡೈಆಕ್ಸೈಡಿನ ಸಿಲಿಂಡರನ್ನು 2016ರ ಗ್ಯಾಸ್ ಸಿಲಿಂಡರು ನಿಯಮಗಳಂತೆ ಅನುಮತಿ ಪಡೆದ ಕೇಂದ್ರದಲ್ಲಿಯೇ ಪರೀಕ್ಷಿಸಬೇಕು. ಅದಕ್ಕೆ ಒತ್ತಡ ತೋರಿಸುವ ಮುಳ್ಳು ಇರುವುದಿಲ್ಲ, ತೂಗಿಯೇ ತಿಳಿಯಬೇಕು. ಗ್ಯಾಸು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಮತ್ತೆ ತುಂಬಿಸಬೇಕು. ಅಂದರೆ ನಾಲ್ಕೂವರೆ ಕಿಲೋ ಗ್ಯಾಸಿನದರಲ್ಲಿ 450 ಗ್ರಾಂ. ಮಿಲ್ಲಿನಲ್ಲಿ, ಅಂಗಡಿಯಲ್ಲಿ ತಕ್ಕಡಿಗೇನು ಬಡತನವೆ?

ಇನ್ನು ಖರ್ಚಿನ ಮಾತು. ದರಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತವೆ. ಲೆಕ್ಕಕ್ಕೆಂದು ಮಾತ್ರ ಹೀಗೆ ಹಿಡಿಯೋಣ. ಬರಿ ಚೀಟಿ ಅಂಟಿಸುವವರು ಒಂದಕ್ಕೆ 100 ರೂಪಾಯಿ ಕೇಳಲಿ, ಬಿಚ್ಚಿ ನೋಡಿ ಸರಿಮಾಡುವವರು 400 ಕೇಳಲಿ. ವ್ಯತ್ಯಾಸ 300, 24 ಸಿಲಿಂಡರಿಗೆ ವರ್ಷಕ್ಕೆ 7,200, ತಿಂಗಳಿಗೆ 600. ಕಟ್ಟಡದಲ್ಲಿ 40 ಮಂದಿ ದುಡಿಯುತ್ತಿದ್ದರೆ ತಲೆಗೆ ತಿಂಗಳಿಗೆ 15 ರೂಪಾಯಿ. ಹೆಚ್ಚುಕಡಮೆ ಒಂದು ಗ್ಲಾಸು ಚಹಾ. ನಾವು ‘ಉಳಿತಾಯ’ ಎಂದು ಹೊಗಳಿಸಿಕೊಂಡದ್ದು ಇಷ್ಟನ್ನೇ. ಆ ಹುಡುಗನ ಕೈಯ ಬೆಲೆಯನ್ನು ಯಾವ ಕಲಮಿನಲ್ಲಿ ಬರೆಯಬೇಕೆಂಬುದು ನಮಗೆ ಇಂದಿಗೂ ತಿಳಿದಿಲ್ಲ.

ಹಾಗೆಂದು ಖರ್ಚಿಗೆ ಕಡಿವಾಣವೇ ಬೇಡವೆಂದಲ್ಲ. ನ್ಯಾಯವಾದ ಉಳಿತಾಯಕ್ಕೂ ದಾರಿಯುಂಟು. ಪುಡಿಯ 24 ಸಿಲಿಂಡರನ್ನೂ ಒಂದೇ ವರ್ಷ ಒತ್ತಡ ಪರೀಕ್ಷೆಗೆ ಕಳಿಸದೆ, ಯಾವುದರ ವಾಯಿದೆಯೂ ಮೀರದಂತೆ ವರ್ಷಕ್ಕೆ ಎಂಟರಂತೆ ಸರದಿ ಹಾಕಿದರೆ ಖರ್ಚು ಹಂಚಿಹೋಗುತ್ತದೆ, ಕಟ್ಟಡವೂ ಬರಿದಾಗುವುದಿಲ್ಲ. ವರ್ಷಕ್ಕೆ ಎರಡು ಮೂರು ಹೊಸದನ್ನು ಕೊಳ್ಳುತ್ತ ಬಂದರೆ ಹತ್ತನೆಯ ವರ್ಷ ಒಮ್ಮೆಗೇ ದೊಡ್ಡ ಹೊರೆ ಬೀಳುವುದಿಲ್ಲ. ಹೇಗೂ ಬರಿದುಮಾಡಿ ಮತ್ತೆ ತುಂಬಿಸಬೇಕಾದ ಸಿಲಿಂಡರನ್ನು ವರ್ಕ್‌ಶಾಪಿಗೆ ಕಳಿಸುವ ಮುನ್ನ ಅಂಗಳದಲ್ಲಿ ಕೆಲಸಗಾರರ ಕೈಗೇ ಕೊಟ್ಟು ಅಭ್ಯಾಸ ಮಾಡಿಸಬಹುದು. ಖರ್ಚು ಒಂದು, ಲಾಭ ಎರಡು. ನಮ್ಮ ಮಿಲ್ಲಿನಲ್ಲಿ ಈಗ ಹಾಗೆಯೇ ನಡೆಯುತ್ತಿದೆ.

ಸಹಿ ಹಾಕುವ ಅಧಿಕಾರವಿಲ್ಲದ ಕೆಲಸಗಾರ ಬಂಧುಗಳು ಏನು ಮಾಡಬೇಕು? ಕಣ್ಣಿಗೆ ಕಾಸು ಕೊಡಬೇಕಾಗಿಲ್ಲ. ತಿಂಗಳಿಗೊಮ್ಮೆ ಐದು ಸಂಗತಿ ನೋಡಿರಿ. ಪಿನ್ನು ಮತ್ತು ಸೀಲು ಸರಿಯಾಗಿದೆಯೆ? ಮುಳ್ಳಿದ್ದರೆ ಅದು ಹಸುರಿನಲ್ಲಿದೆಯೆ? ನಾಜಲಿನಲ್ಲಿ ಜೇಡ, ಕಣಜ ಗೂಡು ಕಟ್ಟಿಲ್ಲವಷ್ಟೆ? ಚೀಟಿಯ ತಾರೀಖು ಮೀರಿಲ್ಲವಷ್ಟೆ? ಮುಂದೆ ಮೂಟೆ, ಡಬ್ಬ ಪೇರಿಸಿ ಸಿಲಿಂಡರನ್ನು ಮುಚ್ಚಿಲ್ಲವಷ್ಟೆ? ಇವುಗಳಲ್ಲಿ ಒಂದು ತಪ್ಪಿದ್ದರೂ ಮೇಸ್ತ್ರಿಗೋ ಗುಮಾಸ್ತನಿಗೋ ಹೇಳಿರಿ. ಒಮ್ಮೆ ಕೇಳದಿದ್ದರೆ ಮತ್ತೊಮ್ಮೆ ಹೇಳಿರಿ. ಒಬ್ಬನೇ ಹೇಳಲು ಹಿಂಜರಿಕೆಯಾದರೆ ನಾಲ್ಕು ಜನ ಸೇರಿ ಹೇಳಿರಿ. ಕರೆಂಟಿನ ಬೆಂಕಿಗೂ ಎಣ್ಣೆಯ ಬಾಣಲೆಗೂ ನೀರು ಎರಚಬಾರದೆಂಬುದನ್ನು ಹೊಸದಾಗಿ ಊರಿಂದ ಬಂದ ಹುಡುಗರಿಗೆ ತಿಳಿಸಿರಿ.

ಆ ರಾಯಚೂರಿನ ಹುಡುಗ ಮತ್ತೆ ಕೆಲಸಕ್ಕೆ ಬಂದಿದ್ದಾನೆ. ಬೆರಳುಗಳು ಪೂರ್ತಿ ಮಡಚುವುದಿಲ್ಲವಾದ್ದರಿಂದ ಮೂಟೆ ಹೊರಲಾರ; ಗೇಟಿನಲ್ಲಿ ಲಾರಿಗಳ ನಂಬರು ಬರೆಯುತ್ತಾನೆ. ಸರ್ವೀಸಿನ ದಿನ ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ನಾವು ಪ್ರತಿಯೊಂದು ಸಿಲಿಂಡರನ್ನೂ ಬಿಚ್ಚಿಸಿ ನೋಡುತ್ತೇವೆ. ಅವನು ತಲೆಯಾಡಿಸಿದ ಮೇಲೆಯೇ ಚೀಟಿಗೆ ಸಹಿ.

ಕಡೆಯದಾಗಿ ಒಂದು ಬಿನ್ನಹ. ಈ ವಾಚನಾಲಯದಲ್ಲಿ ದಿನಪತ್ರಿಕೆಯ ಮೊದಲ ಪುಟದಿಂದ ವರಾನ್ವೇಷಣೆಯ ಜಾಹೀರಾತಿನವರೆಗೆ ನಾವೆಲ್ಲ ಓದುತ್ತೇವೆ. ಕಾಗದವೇ ತುಂಬಿರುವ ಈ ಕೋಣೆಯಲ್ಲಿ, ಹಳೆಯ ಮಾಸಪತ್ರಿಕೆಗಳ ಬೀರುವಿನ ಪಕ್ಕ ಒಂದು ಕೆಂಪು ಸಿಲಿಂಡರು ಇದೆ. ಅದರ ಚೀಟಿಯನ್ನು ನಾವೂ ಮೊನ್ನೆ, ಈ ಭಾಷಣ ಬರೆಯಲು ಕುಳಿತಾಗಲೇ ಓದಿದ್ದು. ತಾರೀಖು ದಾಟಿ ಏಳು ತಿಂಗಳಾಗಿದೆ. ಕಾರ್ಯದರ್ಶಿಗಳಿಗೆ ತಿಳಿಸಿದ್ದೇವೆ, ಖರ್ಚಿಗೆ ಬೇಕಾದ ಹಣಕ್ಕೆಂದು ಬಾಗಿಲ ಬಳಿ ಡಬ್ಬಿ ಇಟ್ಟಿದೆ. ಒಂದು ಚಹಾದ ದುಡ್ಡು ಹಾಕಿದರೆ ಸಾಕು.