ಟೊಮೇಟೊ: ಬಿತ್ತಿನಿಂದ ಸಸಿಯವರೆಗೆ

ನಮ್ಮ ಪಟ್ಟಣಗಳಲ್ಲಿ ಟೊಮೇಟೊ ಇಲ್ಲದ ಅಡುಗೆಮನೆಯನ್ನು ಹುಡುಕಿ ತೆಗೆಯುವುದು ಈಗ ಕಷ್ಟ. ಸಾರಿಗೆ ಅದು ಬೇಕು, ಗೊಜ್ಜಿಗೆ ಅದು ಬೇಕು, ಹುಣಿಸೆಹಣ್ಣು ತೀರಿದ ದಿನ ಮಾನ ಕಾಯುವುದಕ್ಕೂ ಅದೇ ಬೇಕು. 2023ರ ಜುಲೈ ತಿಂಗಳಲ್ಲಿ ಅದರ ಬೆಲೆ ಅನೇಕ ಊರುಗಳಲ್ಲಿ ಕಿಲೋಗೆ 100 ರೂಪಾಯಿಗಳನ್ನು ದಾಟಿದಾಗ ಮನೆಮನೆಯಲ್ಲಿಯೂ ಅದೇ ಮಾತಾಯಿತು. ಬೆಲೆ ಕುಸಿದ ಕಾಲದಲ್ಲಿ ರೈತರು ಅದೇ ಹಣ್ಣನ್ನು ರಸ್ತೆಯ ಬದಿಗೆ ಸುರಿದು ಹೋದುದನ್ನೂ ನೀವು ಬಲ್ಲಿರಿ. ಆದರೆ ಇಂದು ನಾನು ಹೇಳಬೇಕೆಂದಿರುವುದು ಬೆಲೆಯ ವಿಚಾರವನ್ನಲ್ಲ. ಆ ಹಣ್ಣಿನೊಳಗೆ ಲೋಳೆಯಲ್ಲಿ ಅಡಗಿ ಕುಳಿತಿರುವ ಚಪ್ಪಟೆಯ ಬೀಜವನ್ನು ನಿಮ್ಮ ಮನೆಯ ಜಗಲಿಯ ಮೇಲೆಯೇ ಸಸಿಮಾಡುವುದು ಹೇಗೆ ಎಂಬ ವಿಚಾರವನ್ನು.

ಮೊದಲು ಈ ಅತಿಥಿಯ ಕುಲಗೋತ್ರವನ್ನು ಸ್ವಲ್ಪ ವಿಚಾರಿಸೋಣ. ಇದರ ಕಾಡುಪೂರ್ವಿಕರ ತವರು ದಕ್ಷಿಣ ಅಮೆರಿಕದ ಪಡುವಣ ಭಾಗ, ಆಂಡೀಸ್ ಪರ್ವತಗಳ ಸೀಮೆ. ಮೆಕ್ಸಿಕೋ ದೇಶದವರು ಇದನ್ನು ತೋಟದ ಬೆಳೆಯನ್ನಾಗಿ ಬೆಳೆಸಿದರು. ಅವರ ನವಾಟ್ಲ್ ಭಾಷೆಯ 'ಟೊಮಾಟ್ಲ್' ಎಂಬ ಮಾತೇ ನಮ್ಮ ಬಾಯಲ್ಲಿ ಟೊಮೇಟೊ ಆಗಿದೆ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಮೂಲಕ ಅದು ಯೂರೋಪನ್ನು ಸೇರಿತು. ಅಲ್ಲಿಯ ಜನ ಬಹುಕಾಲ ಇದನ್ನು ವಿಷವೆಂದು ಶಂಕಿಸಿ ದೂರವಿಟ್ಟಿದ್ದರು. ಶಾಸ್ತ್ರಜ್ಞರು ಕೊಟ್ಟ 'ಲೈಕೊಪರ್ಸಿಕಂ' ಎಂಬ ಹೆಸರಿಗೆ 'ತೋಳನ ಪೀಚ್ ಹಣ್ಣು' ಎಂದು ಅರ್ಥ! ನಮ್ಮಲ್ಲಿಯೂ ಇದಕ್ಕೆ ಪಂಕ್ತಿಯಲ್ಲಿ ಸ್ಥಾನ ಸುಲಭವಾಗಿ ಸಿಕ್ಕಲಿಲ್ಲ. ಶ್ರಾದ್ಧದ ಅಡುಗೆಗೆ ಇಂದಿಗೂ ಇದನ್ನು ಸೇರಿಸದ ಮನೆಗಳು ಎಷ್ಟೋ ಇವೆ. ಬದನೆ, ಆಲೂಗಡ್ಡೆ, ಮೆಣಸಿನಕಾಯಿ, ಹೊಗೆಸೊಪ್ಪು, ಇವೆಲ್ಲ ಟೊಮೇಟೊದ ದಾಯಾದಿಗಳು. ಕೊನೆಯ ದಾಯಾದಿಯನ್ನು ನೆನಪಿನಲ್ಲಿಡಿ. ಅವನ ವಿಚಾರ ಮುಂದೆ ಬರುತ್ತದೆ.

ಈಗ ಬೀಜಕ್ಕೆ ಬರೋಣ. ಹಳಗನ್ನಡದಲ್ಲಿ 'ಬಿತ್ತು' ಎಂದರೆ ಬೀಜವೂ ಹೌದು, ಬೀಜವನ್ನು ಹಾಕುವ ಕ್ರಿಯೆಯೂ ಹೌದು. ಹೆಸರಿಗೂ ಕೆಲಸಕ್ಕೂ ಒಂದೇ ಮಾತು. ಬೀಜವೆಂದರೆ ಡಬ್ಬಿಯಲ್ಲಿ ಇಟ್ಟುಕೊಳ್ಳುವ ವಸ್ತುವಲ್ಲ, ಮಣ್ಣಿಗೆ ಸೇರಬೇಕಾದ ವಸ್ತು ಎಂಬ ಭಾವ ಆ ಮಾತಿನಲ್ಲಿಯೇ ಇದೆ.

ಬೀಜದಲ್ಲಿ ಎರಡು ಬಗೆ. ಒಂದು ತಳಿ ಬೀಜ, ಇನ್ನೊಂದು ಸಂಕರ ಬೀಜ. 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿದೆ. ಅಲ್ಲಿಂದ ಬಂದ ಅರ್ಕಾ ವಿಕಾಸ್, ಅರ್ಕಾ ಸೌರಭ್ ಎಂಬವು ತಳಿಗಳು. ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಎಂಬವು ಸಂಕರಗಳು. ಸಂಕರದ ಗಿಡ ಫಲ ಹೆಚ್ಚು ಕೊಡುತ್ತದೆ, ಕೆಲವು ರೋಗಗಳನ್ನು ತಡೆಯುತ್ತದೆ. ಆದರೆ ಅದರ ಹಣ್ಣಿನ ಬೀಜವನ್ನು ಮತ್ತೆ ಬಿತ್ತಿದರೆ ಮಕ್ಕಳೆಲ್ಲ ತಾಯಿಯಂತೆ ಆಗುವುದಿಲ್ಲ; ಒಂದು ಗಿಡ ಒಂದು ಬಗೆ, ಇನ್ನೊಂದು ಇನ್ನೊಂದು ಬಗೆ. ತಳಿಯ ಬೀಜವಾದರೋ ತಾಯಿಯ ಗುಣವನ್ನು ಉಳಿಸಿಕೊಳ್ಳುತ್ತದೆ. ಟೊಮೇಟೊ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಕಟ್ಟುತ್ತದೆ. ಆದುದರಿಂದ ತಳಿ ಕೆಡುವ ಭಯ ಕಡಿಮೆ. ವರ್ಷವರ್ಷವೂ ನಿಮ್ಮ ಬೀಜ ನಿಮ್ಮ ಕೈಯಲ್ಲಿಯೇ ಇರಬೇಕೆಂದು ಬಯಸುವಿರಾದರೆ ತಳಿಯನ್ನೇ ಆರಿಸಿಕೊಳ್ಳಿ. ಸಂತೆಯಿಂದ ತಂದ ಹಣ್ಣು ಹೆಚ್ಚಾಗಿ ಸಂಕರದ್ದೇ ಆಗಿರುತ್ತದೆ; ಅದರ ಬೀಜದಿಂದ ಗಿಡವೇನೋ ಬರುತ್ತದೆ, ಆದರೆ ಫಲ ಹೀಗೆಯೇ ಇರುವುದೆಂದು ಹೇಳಲಾಗದು.

ಒಂದು ಎಚ್ಚರಿಕೆ. ಅಂಗಡಿಯ ಪೊಟ್ಟಣದಲ್ಲಿ ಬೀಜ ಕೆಂಪಗೋ ನೀಲಿಯಾಗಿಯೋ ಬಣ್ಣ ಬಳಿದಂತೆ ಕಂಡರೆ ಅದು ಅಲಂಕಾರವಲ್ಲ. ಬೂಷ್ಟು ಹಿಡಿಯದಂತೆ ಹಾಕಿದ ಔಷಧಿಯ ಗುರುತು. ಅಂಥ ಬೀಜವನ್ನು ಮಕ್ಕಳ ಕೈಗೆ ಕೊಡಕೂಡದು. ಮುಟ್ಟಿದ ಮೇಲೆ ಸೋಪಿನಿಂದ ಕೈತೊಳೆಯತಕ್ಕದ್ದು.

ಹಣ್ಣಿನಿಂದ ಬೀಜ ತೆಗೆಯುವ ಕ್ರಮ ಹೀಗೆ. ರೋಗವಿಲ್ಲದ ಗಿಡದಲ್ಲಿ ಗಿಡದ ಮೇಲೆಯೇ ಪೂರ್ತಿ ಕಳಿತ ಹಣ್ಣನ್ನು ಆರಿಸಿ. ಅಡ್ಡಲಾಗಿ ಕೊಯ್ದು ಲೋಳೆಸಹಿತ ಬೀಜವನ್ನು ಒಂದು ಗಾಜಿನ ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಸೇರಿಸಿ, ಬಟ್ಟೆ ಮುಚ್ಚಿ ನೆರಳಲ್ಲಿಡಿ. ದಿನಕ್ಕೊಮ್ಮೆ ಕಲಕಿ. ಎರಡು ಮೂರು ದಿನಗಳಲ್ಲಿ ಹುಳಿತು ವಾಸನೆ ಬರುತ್ತದೆ. ಮೇಲೆ ನೊರೆ ಕಟ್ಟುತ್ತದೆ. ಇದು ಕೆಟ್ಟಿತೆಂದು ಚೆಲ್ಲಬೇಡಿ. ಬೀಜದ ಸುತ್ತಲಿನ ಆ ಲೋಳೆ ಹಣ್ಣಿನೊಳಗೇ ಬೀಜ ಮೊಳೆತುಬಿಡದಂತೆ ತಡೆಯುವ ಕಾವಲುಗಾರ. ಹುಳಿತಾಗ ಆ ಕಾವಲು ಕಳಚುತ್ತದೆ. ಆಮೇಲೆ ನೀರು ತುಂಬಿ ಕದಡಿದರೆ ಗಟ್ಟಿ ಬೀಜ ತಳ ಸೇರುತ್ತದೆ, ಜೊಳ್ಳು ತೇಲುತ್ತದೆ. ತೇಲಿದ್ದನ್ನು ಚೆಲ್ಲಿ, ಉಳಿದುದನ್ನು ನಾಲ್ಕು ಸಲ ತೊಳೆದು ತಟ್ಟೆಯಲ್ಲಿ ಹರಡಿ ನೆರಳಿನಲ್ಲಿ ಒಣಗಿಸಿ. ಕಾಗದದ ಮೇಲೆ ಹರಡಿದರೆ ಅಂಟಿಕೊಂಡು ಬಿಡದು. ಚೆನ್ನಾಗಿ ಒಣಗಿದ ಬೀಜವನ್ನು ಪೊಟ್ಟಣ ಕಟ್ಟಿ, ತಳಿಯ ಹೆಸರನ್ನೂ ತಿಂಗಳನ್ನೂ ಬರೆದು, ತಂಪಾದ ಒಣ ಜಾಗದಲ್ಲಿಟ್ಟರೆ ಮೂರು ನಾಲ್ಕು ವರ್ಷ ಬಾಳುತ್ತದೆ.

ಇನ್ನು ಮಣ್ಣು. ಸಾಮಾನ್ಯ ಸಂಸಾರಕ್ಕೆ ನಾಲ್ಕಾರು ಗಿಡ ಸಾಕು. ಅದಕ್ಕೆ ಹತ್ತು ಹದಿನೈದು ಬೀಜ ಬಿತ್ತಿದರಾಯಿತು. ಕೆಮ್ಮಣ್ಣು, ಜರಡಿಹಿಡಿದ ಹಳೆಯ ಗೊಬ್ಬರ, ಮರಳು, ಇವು ಮೂರನ್ನೂ ಸಮಭಾಗ ಬೆರೆಸಿ. ಹಸಿ ಸಗಣಿ ಬೇಡ. ಬೆರೆಸಿದ ಮಣ್ಣಿನ ಮೇಲೆ ಕುದಿಯುವ ನೀರನ್ನು ಸುರಿದು, ಮುಚ್ಚಿ, ಒಂದು ದಿನ ಆರಲು ಬಿಟ್ಟರೆ ಅದರಲ್ಲಿಯ ಬೂಷ್ಟಿನ ಬೀಜಗಳು ಬಹುಮಟ್ಟಿಗೆ ಸಾಯುತ್ತವೆ. ಪಾತ್ರೆಗೆ ಹಣ ಸುರಿಯಬೇಕಾಗಿಲ್ಲ. ತೆಂಗಿನಕಾಯಿ ಒಡೆದಾಗ ಕಣ್ಣಿರುವ ಹೋಳಿನ ಚಿಪ್ಪನ್ನು ಎತ್ತಿಡಿ. ಆ ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದೆ. ಅದನ್ನು ಚುಚ್ಚಿದರೆ ನೀರು ಬಸಿಯುವ ದಾರಿ ತಾನೇ ಸಿದ್ಧ. ಬಸಿಯುವ ದಾರಿ ಇಲ್ಲದ ಯಾವ ಪಾತ್ರೆಯೂ ಸಸಿಗೆ ತೊಟ್ಟಿಲಲ್ಲ.

ಚಿಪ್ಪಿಗೆ ಮೂರು ಬೀಜದಂತೆ, ಹೆಸರುಕಾಳು ಮುಳುಗುವಷ್ಟು ಆಳದಲ್ಲಿ ಹಾಕಿ ಮೇಲೆ ಸಣ್ಣ ಮರಳು ಉದುರಿಸಿ. ನೀರನ್ನು ಸುರಿಯಬೇಡಿ, ಚಿಮುಕಿಸಿ. ಮೊಳೆಯುವುದಕ್ಕೆ ಬೆಳಕು ಬೇಕಿಲ್ಲ, ಬೆಚ್ಚಗಿರಬೇಕು. 25ರಿಂದ 30 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಐದರಿಂದ ಎಂಟು ದಿನಗಳೊಳಗೆ ಮೊಳಕೆ ಕಾಣುತ್ತದೆ. ಬಯಲುಸೀಮೆಯವರಿಗೆ ಜೂನ್-ಜುಲೈ ಒಂದು ಕಾಲ, ಸೆಪ್ಟೆಂಬರ್-ಅಕ್ಟೋಬರ್ ಇನ್ನೊಂದು. ಕರಾವಳಿ, ಮಲೆನಾಡಿನವರು ಮಳೆಯ ಅಬ್ಬರ ಇಳಿದ ಮೇಲೆಯೇ ಬಿತ್ತುವುದು ಮೇಲು. ಮೊಳಕೆ ತಲೆಯೆತ್ತಿದ ದಿನವೇ ಚಿಪ್ಪನ್ನು ಬೆಳಕಿಗೆ ತನ್ನಿ. ಇಲ್ಲವಾದರೆ ಬೆಳಕನ್ನು ಅರಸುತ್ತ ಸಸಿ ನೂಲಿನಂತೆ ಉದ್ದವಾಗಿ ಬಾಗಿಬೀಳುತ್ತದೆ. ಮೊದಲು ಕಾಣುವ ಎರಡು ನೀಳವಾದ ಎಲೆಗಳು ನಿಜವಾದ ಎಲೆಗಳಲ್ಲ, ಬೀಜದ ದಳಗಳು. ಅಂಚು ಸೀಳಿದ, ಉಜ್ಜಿದರೆ ಟೊಮೇಟೊ ವಾಸನೆ ಬರುವ ಎಲೆ ಆಮೇಲೆ ಬರುತ್ತದೆ.

ಇಲ್ಲಿಗೆ ಬರುವ ಹೊತ್ತಿಗೆ ಬಹಳ ಮನೆಗಳಲ್ಲಿ ಒಂದು ಸಂಕಟ ನಡೆಯುತ್ತದೆ. ಅದನ್ನು ಹೇಳುವುದಕ್ಕಾಗಿಯೇ ಈ ಭಾಷಣವನ್ನು ಒಪ್ಪಿಕೊಂಡೆ ಎಂದರೂ ಸಲ್ಲುತ್ತದೆ.

ಒಮ್ಮೆ ನನ್ನ ಎಂಟನೆಯ ತರಗತಿಯ ಮಕ್ಕಳು ಒಬ್ಬೊಬ್ಬರೂ ಒಂದೊಂದು ಚಿಪ್ಪಿನಲ್ಲಿ ಬೀಜ ಹಾಕಿದರು. ಒಬ್ಬ ಹುಡುಗಿ ತನ್ನ ಚಿಪ್ಪನ್ನು ಮಗುವಿನಂತೆ ನೋಡಿಕೊಂಡಳು. ದಿನಕ್ಕೆ ಮೂರು ಸಲ ನೀರು, ಬಿಸಿಲು ತಾಕದಂತೆ ಮರೆ. ಹತ್ತನೆಯ ದಿನ ಬೆಳಗ್ಗೆ ಅವಳ ಸಸಿಗಳೆಲ್ಲ ಬುಡದಲ್ಲಿ ಚಿವುಟಿದಂತೆ ಮಲಗಿದ್ದವು. ಪಕ್ಕದಲ್ಲಿ, ಎರಡು ದಿನ ನೀರು ಹಾಕುವುದನ್ನೇ ಮರೆತಿದ್ದ ಹುಡುಗನ ಸಸಿಗಳು ನೆಟ್ಟಗೆ ನಿಂತಿದ್ದವು. ಹುಡುಗಿ ಅಳಲಿಲ್ಲ, "ನನ್ನ ಕೈಗುಣ ಒಳ್ಳೆಯದಲ್ಲ ಸಾರ್, ಮನೆಯಲ್ಲಿಯೂ ನನ್ನನ್ನು ಗಿಡ ಮುಟ್ಟಬೇಡ ಎನ್ನುತ್ತಾರೆ" ಎಂದಳು. ಹದಿಮೂರು ವರ್ಷದ ಹುಡುಗಿಗೆ ತನ್ನ ಕೈಯ ಮೇಲೆಯೇ ಈ ತೀರ್ಪು!

ಆ ಸಸಿಗಳನ್ನು ಕೊಂದದ್ದು ಕೈಗುಣವಲ್ಲ. ಅದಕ್ಕೆ ಸಸಿ ಕೊಳೆರೋಗವೆಂದು ಹೆಸರು. ಪಿಥಿಯಂ, ರೈಜೊಕ್ಟೋನಿಯ ಮೊದಲಾದ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುತ್ತವೆ. ಮಣ್ಣು ಸದಾ ಒದ್ದೆಯಾಗಿ, ಗಾಳಿಯಾಡದೆ, ಸಸಿಗಳು ಒತ್ತೊತ್ತಾಗಿ ಇದ್ದರೆ ಅವು ಎಳೆಯ ಕಾಂಡವನ್ನು ಮಣ್ಣಿನ ಮಟ್ಟದಲ್ಲಿ ಕೊಳೆಯಿಸುತ್ತವೆ. ಒಮ್ಮೆ ಬಿದ್ದ ಸಸಿ ಏಳದು. ಉಪಾಯವೆಲ್ಲ ಮುಂಚೆಯೇ ಮಾಡಬೇಕು: ಬೀಜವನ್ನು ವಿರಳವಾಗಿ ಹಾಕಿ, ಮೇಲೆ ಮರಳಿನ ಹೊದಿಕೆ ಇರಲಿ, ಮೇಲ್ಮಣ್ಣು ಒಣಗಿದಂತೆ ಕಂಡ ಮೇಲೆಯೇ, ಅದೂ ಬೆಳಗಿನ ಹೊತ್ತು, ನೀರು ಕೊಡಿ, ಗಾಳಿ ಬೆಳಕು ಆಡಲಿ. ಟ್ರೈಕೊಡರ್ಮ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಕೃಷಿ ಅಂಗಡಿಗಳಲ್ಲಿ ಸಿಕ್ಕುತ್ತದೆ. ಮಣ್ಣು ಆರಿದ ಮೇಲೆ ಅದನ್ನು ಬೆರೆಸಿದರೆ ಈ ಶತ್ರುಗಳನ್ನು ಅದು ಹತ್ತಿಕ್ಕುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ನೀರಿನ ವಿಚಾರದಲ್ಲಿ ಅಕ್ಷರಶಃ ಸತ್ಯ.

ಹೆಂಗಸರು ಇಂಥ ದಿನ ಮುಟ್ಟಿದರೆ ಗಿಡ ಬಾಡುತ್ತದೆ, ಇಂಥವರು ನೆಟ್ಟರೆ ಬೇರು ಬಿಡದು ಎಂಬ ಮಾತುಗಳು ನಮ್ಮಲ್ಲಿ ಇನ್ನೂ ಉಳಿದಿವೆ. ಬೂಷ್ಟು ಪಂಚಾಂಗವನ್ನು ನೋಡುವುದಿಲ್ಲ, ತೇವವನ್ನು ನೋಡುತ್ತದೆ. ಇಷ್ಟಾದರೂ ಸಸಿಗೆ ನಿಜವಾಗಿ ಕೇಡುತರಬಲ್ಲ ಕೈಯೊಂದು ಉಂಟು. ಅದು ನಶ್ಯದ ಡಬ್ಬಿಯನ್ನೋ ಬೀಡಿಯನ್ನೋ ಹಿಡಿದ ಕೈ! ಹೊಗೆಸೊಪ್ಪಿನ ಗಿಡಕ್ಕೆ ತಗಲುವ ಮೊಸಾಯಿಕ್ ವೈರಸ್ ದಾಯಾದಿಯಾದ ಟೊಮೇಟೊಗೂ ತಗಲುತ್ತದೆ. ಒಣಗಿಸಿದ ಹೊಗೆಸೊಪ್ಪಿನಲ್ಲಿಯೂ ಅದು ಉಳಿದಿರಬಲ್ಲದು, ಬೆರಳಿನಿಂದ ಎಲೆಗೆ ದಾಟಬಲ್ಲದು. 1892ರಲ್ಲಿ ರಷ್ಯದ ಇವಾನೋವ್ಸ್ಕಿ, 1898ರಲ್ಲಿ ಹಾಲೆಂಡಿನ ಬೈಜರಿಂಕ್ ಈ ರೋಗವನ್ನು ಶೋಧಿಸುತ್ತಲೇ ವೈರಸ್ಸುಗಳೆಂಬುವು ಇವೆಯೆಂದು ಲೋಕಕ್ಕೆ ತಿಳಿಯಿತು. ಆದುದರಿಂದ ಮನೆಯ ಹಿರಿಯರೇ, ಹುಡುಗಿಯ ಕೈಗೆ ದೋಷ ಹೇಳುವ ಮೊದಲು ನಿಮ್ಮ ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿರಿ.

ನಿಜವಾದ ಎಲೆ ಎರಡು ಮೂಡಿದಾಗ ಸಸಿಗಳನ್ನು ಬೇರೆಬೇರೆ ಮಾಡಿ, ಒಂದಕ್ಕೊಂದು ಚಿಪ್ಪೋ ಲೋಟವೋ ಕೊಡಿ. ಎತ್ತುವಾಗ ಎಲೆಯನ್ನು ಹಿಡಿಯಿರಿ, ಕಾಂಡವನ್ನು ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ. ಕಾಂಡ ನಲುಗಿದರೆ ಸಸಿಯೇ ಹೋಯಿತು. ಎಲೆಮುರುಟು ರೋಗವನ್ನು ಹರಡುವ ಬಿಳಿನೊಣ ಎಳೆಯ ಸಸಿಗಳನ್ನೇ ಹುಡುಕುತ್ತದೆ. ಹಳೆಯ ಸೊಳ್ಳೆಪರದೆಗಿಂತಲೂ ಸಣ್ಣ ಕಣ್ಣಿನ ತೆಳುಬಟ್ಟೆ ಹೊದಿಸಿದರೆ ಅದನ್ನು ತಡೆಯಬಹುದು. ಬಿತ್ತಿದ 25-30 ದಿನಗಳಿಗೆ, ನಾಲ್ಕೈದು ಎಲೆಯಾದಾಗ, ಸಸಿ ನೆಡಲು ಸಿದ್ಧ. ಅದಕ್ಕೆ ಮುಂಚೆ ಒಂದು ವಾರ ದಿನದಿನಕ್ಕೂ ಸ್ವಲ್ಪ ಹೆಚ್ಚು ಬಿಸಿಲನ್ನು ತೋರಿಸಿ, ನೀರನ್ನು ಸ್ವಲ್ಪ ಕಡಿಮೆ ಮಾಡಿ. ಜಗಲಿಯ ನೆರಳಿನ ಕೂಸನ್ನು ಒಮ್ಮೆಗೇ ಬಯಲಿಗೆ ಬಿಡುವುದು ಅನ್ಯಾಯ.

ನೆಡುವುದು ಸಂಜೆಯ ಹೊತ್ತು. ಬೇರೆ ಎಷ್ಟೋ ಗಿಡಗಳಿಗೆ ಇಲ್ಲದ ಒಂದು ಗುಣ ಟೊಮೇಟೊಗಿದೆ: ಮಣ್ಣಿನಲ್ಲಿ ಹೂತ ಕಾಂಡದಿಂದಲೂ ಅದು ಬೇರು ಬಿಡುತ್ತದೆ. ಆದುದರಿಂದ ಕೆಳಗಿನ ಎಲೆಗಳನ್ನು ಚಿವುಟಿ ಸ್ವಲ್ಪ ಆಳಕ್ಕೇ ನೆಡಿ. ಕುಂಡದಲ್ಲಾದರೆ ಬಕೆಟ್ಟಿನಷ್ಟು ಮಣ್ಣಿಗೆ ಒಂದೇ ಗಿಡ, ನೆಲದಲ್ಲಾದರೆ ಎರಡಡಿಗೊಂದು. ನೆಟ್ಟ ದಿನವೇ ಆಸರೆಯ ಕೋಲನ್ನು ಊರಿ. ಆಮೇಲೆ ಊರಿದರೆ ಬೇರು ಹರಿದೀತು. ನೀರು ಒಂದು ದಿನ ಪ್ರವಾಹ, ನಾಲ್ಕು ದಿನ ಬರಗಾಲ ಎಂಬಂತಾದರೆ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಸುಣ್ಣದ ಅಂಶ ಕಾಯಿಯನ್ನು ತಲಪಲಾರದ ಫಲವದು. ನೀರು ಹದವಾಗಿರಲಿ. ನೆಟ್ಟ ಎರಡು ಎರಡೂವರೆ ತಿಂಗಳಿಗೆ ಮೊದಲ ಹಣ್ಣು ಕೆಂಪೇರುತ್ತದೆ.

ಹೆಚ್ಚು ಹೇಳಿದೆನೆಂದು ಗಾಬರಿಯಾಗಬೇಡಿ. ಎಲ್ಲವನ್ನೂ ಒಂದು ಮಾತಿನಲ್ಲಿ ಕಟ್ಟಬಹುದು: ಮೊಳೆಯುವಾಗ ಬೆಚ್ಚಗೆ, ಮೊಳೆತ ಮೇಲೆ ಬೆಳಕು, ನೀರಿನಲ್ಲಿ ಮಿತ. ಇಷ್ಟು ತಿಳಿದ ಕೈಗೆ ಕೈಗುಣ ತಾನಾಗಿ ಬರುತ್ತದೆ. ಆ ಹುಡುಗಿ ಮಾರನೆಯ ವಾರ ಮತ್ತೆ ಮೂರು ಬೀಜ ಹಾಕಿದಳು. ನೀರು ಬೆಳಗ್ಗೆ ಒಂದೇ ಸಲ. ಮೂರೂ ನಿಂತವು. ನಿಮ್ಮ ಮನೆಯಲ್ಲಿಯೂ ಗಿಡ ಮುಟ್ಟಬೇಡವೆನಿಸಿಕೊಂಡ ಕೈಯೊಂದು ಇದ್ದರೆ, ಮುಂದಿನ ಭಾನುವಾರ ಮೊದಲ ಬೀಜವನ್ನು ಆ ಕೈಯಿಂದಲೇ ಹಾಕಿಸಿರಿ.