ಕೇಬಲ್ ಗುಂಡಿಗೆ ಇಳಿಯುವ ಮುನ್ನ

(ತೋಟದ ಲೈನಿನ ಸಂಜೆಕೂಟದಲ್ಲಿ ಆಡಿದ ಮಾತು)



ನೀಲಗಿರಿಯ ರಸ್ತೆಬದಿಯಲ್ಲಿ ಕೇಬಲ್ ಹೂಳುವ ಕೆಲಸಕ್ಕೆ ನಮ್ಮವರೂ ಹೋಗುತ್ತಾರೆ. ಅದಕ್ಕಾಗಿ ಈ ನಾಲ್ಕು ಮಾತು.

ಈ ಕೇಬಲ್ಲಿನಲ್ಲಿ ಮಾತನ್ನು ಒಯ್ಯುವುದು ತಾಮ್ರವಲ್ಲ, ಗಾಜಿನ ಎಳೆ. ಒಂದೊಂದರ ದಪ್ಪ ಮಿಲಿಮೀಟರಿನ ಎಂಟನೆಯ ಒಂದು ಪಾಲು. ಮಾತು, ಚಿತ್ರ ಎಲ್ಲವೂ ಬೆಳಕಾಗಿ ಅದರೊಳಗೆ ಓಡುತ್ತವೆ. ಮಡಿಸಿದರೆ ಬೆಳಕು ಸೋರುತ್ತದೆ, ಎಳೆ ಮುರಿಯಲೂಬಹುದು. ಆದ್ದರಿಂದ ಜಗ್ಗಬೇಡಿ; ಕೊಳವೆಯ ಮೇಲೆ ಮೊದಲು ಕಲ್ಲಿಲ್ಲದ ಮಣ್ಣು ಮುಚ್ಚಿ.

ಎಳೆಯ ಚೂರು ಚರ್ಮಕ್ಕೆ ಹೊಕ್ಕರೆ ಕೀಳುವುದು ಕಷ್ಟ. ಚೂರುಗಳನ್ನು ಡಬ್ಬಿಗೆ ಹಾಕಿ. ಕೈ ತೊಳೆಯದೆ ತಿನ್ನಬೇಡಿ, ಕಣ್ಣುಜ್ಜಬೇಡಿ. ತುದಿಯೊಳಗೆ ಇಣುಕಬೇಡಿ, ಆ ಬೆಳಕು ಕಾಣದಿದ್ದರೂ ಕಣ್ಣಿಗೆ ಕೇಡು.

ಎಲ್ಲಕ್ಕಿಂತ ಮುಖ್ಯ ಗುಂಡಿ. ಬಿ.ಎಸ್.ಎನ್.ಎಲ್. ಕ್ರಮದಂತೆ ಮಾಮೂಲು ಮಣ್ಣಿನಲ್ಲಿ 1.65 ಮೀಟರ್ ತೋಡಬೇಕು. ಬಗ್ಗಿ ನಿಂತವರನ್ನು ಮುಚ್ಚಲು ಅಷ್ಟು ಸಾಕು. ಒಂದು ಘನಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಮಳೆಗೆ ನೆನೆದ ಬೆಟ್ಟದ ಮಣ್ಣು ಹೇಳಿ ಕೇಳಿ ಕುಸಿಯುವುದಿಲ್ಲ. ತೆಗೆದ ಮಣ್ಣನ್ನು ಅಂಚಿನಿಂದ ದೂರ ಹಾಕಿ. ಬದಿಗೆ ಹಲಗೆ, ನಡುವೆ ಅಡ್ಡಮರ, ಇಳಿಯಲು ಏಣಿ ಕೇಳಿ ಪಡೆಯಿರಿ.

ಮೇಸ್ತ್ರಿ ಅವಸರ ಮಾಡಿದರೆ ಒಬ್ಬರೇ ಎದುರಾಡಬೇಡಿ. ಎಲ್ಲರೂ ಸೇರಿ ಮೇಲೆಯೇ ನಿಲ್ಲಿ. ತುಂಡಾದ ಕೇಬಲ್ಲಿಗೆ ಬೆಸುಗೆಯುಂಟು, ಮನುಷ್ಯನಿಗಿಲ್ಲ.